ಏಳನೇ ಸೀಸೆ

...ಹಾಗಲ್ಲಮ್ಮ, ಒಂದೇ ಒಂದು ಪದ ಬರೀಬೇಕು, ಅಷ್ಟೆ. ಏಳನೇ ಸೀಸೆಯ ಎದುರಿಗೆ 'ಕೆಟ್ಟಿದೆ' ಅಂತ. ನಾಳೆ ಸಮಿತಿಗೆ ವರದಿ ಹೋಗಬೇಕು... ಯಾಕೆ ನಗ್ತೀಯ? ನಗುವಂಥದ್ದೇನಿದೆ? ಹೌದು, ಬೇಡದ ಫಲಿತಾಂಶ ಬಂತು ಅಂತ ಸ್ಯಾಂಪಲ್ ಎಸೆಯಬಾರದು ಅಂತ ಹನ್ನೊಂದು ವರ್ಷ ನಿನ್ನ ತಲೆ ತಿಂದವನು ನಾನೇ. ಒಂದು ಸೊನ್ನೆ ತಿದ್ದಿದ್ದಕ್ಕೆ ಇಡೀ ಪುಟ ಮತ್ತೆ ಬರೆಸಿದವನೂ ನಾನೇ. ಆದರೆ ಸ್ಯಾಂಪಲ್ ಕೆಡೋದೂ ಉಂಟಲ್ಲ? ಫ್ರೀಜರ್ ಕೈಕೊಡಲ್ವಾ?

ಉಳಿದ ಎಂಟರ ಕಡೆ ಯಾಕೆ ನೋಡ್ತೀಯ... ಅವೂ ಅದೇ ಫ್ರೀಜರಿನಲ್ಲಿದ್ದವು, ಗೊತ್ತು.

ನೋಡು, ನಮ್ಮ ಅಧ್ಯಯನಕ್ಕೆ ಸೇರಲು ಬಂದ ಆ ಹಿರಿಯರು, ಬಸ್ ಓಡಿಸ್ತಿದ್ದವರು, ಇಲ್ಲಿಂದ ಹೋದ ನಾಲ್ಕನೇ ದಿನ ಜ್ವರ, ಹನ್ನೆರಡನೇ ದಿನ... ಹೋಗೇಬಿಟ್ಟರು. ಆ ತಿಂಗಳಲ್ಲಿ ಅವರು ಹೊಸಿಲು ದಾಟಿದ್ದು ಇಲ್ಲಿಗೆ ಬಂದ ಆ ಒಂದೇ ದಿನ. ಸೀಸೆ ತೊಳೆಯುವ ಆಯಮ್ಮ ಆ ವಾರ ಕೆಮ್ಮುತ್ತಿದ್ದಳು. ಕೆಮ್ಮು ಇರುವವರು ಒಳಗೆ ಬರಬಾರದು ಅಂತ ಬಾಗಿಲಿಗೇ ಅಂಟಿಸಿದ್ದೇನೆ. ಬಂದಳು. ಕೆಲಸ ಬಿಡಿಸಿ ಮನೆಗೆ ಕಳಿಸಿದೆ. "ಬ್ಲೀಚಿಂಗ್ ಪುಡಿಯ ಕೆಮ್ಮು ಸಾರ್" ಅಂತ ಅತ್ತಳು. ಎಲ್ಲರೂ ಹೀಗೇ ಅಳ್ತಾರೆ!

ಆಮೇಲೆ ಹಟ ಹಿಡಿದವಳು ನೀನು. ಆಯಮ್ಮನನ್ನೂ ಕರೆಸಿ, ನಮ್ಮ ಲ್ಯಾಬಿನ ಒಂಬತ್ತೂ ಜನರ ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು, ವಾಪಸ್ ಎಳೆದು ನೋಡೋಣ ಅಂತ. ವೈರಸ್ ಬಂದು ಹೋದರೂ ಅದರ ಗುರುತು ಬಲ್ಲ ಕೋಶಗಳು ಅಲ್ಲೇ ಕಾವಲು ಕೂತಿರ್ತವೆ. ಹೊಸತರಲ್ಲಿ ಕಿಕ್ಕಿರಿದು, ತಿಂಗಳು ಕಳೆದ ಹಾಗೆ ಕರಗುತ್ತಾ. ನಾನೇ ಕಲಿಸಿದ ಪಾಠ. ಆ ನೀರು ತುಂಬಿದ ಸೀಸೆಯ ಮೇಲೆ ಬರೀ ನಂಬರು, ಹೆಸರಿನ ಪಟ್ಟಿ ನಿನ್ನ ಬೀರುವಿನಲ್ಲಿ. ಅದೂ ನನ್ನದೇ ನಿಯಮ!

ಎಂಟರಲ್ಲಿ ಅಲ್ಲೊಂದು ಇಲ್ಲೊಂದು ಹಳೇ ಕೋಶ. ಏಳನೆಯದರಲ್ಲಿ ಮಾತ್ರ ಸಂತೆ ನೆರೆದ ಹಾಗೆ. ಅದು ಆಯಮ್ಮನದಲ್ಲ ಅಂತ ನಿನ್ನ ಮುಖವೇ ಹೇಳ್ತಿದೆ... ಆಯ್ತು, ಅವಳಿಗೆ ಬೇರೆ ಕಡೆ ಕೆಲಸ ಕೊಡಿಸ್ತೀನಿ! ಇದಕ್ಕಿಂತ ಒಳ್ಳೇದನ್ನೇ. ಏನು, ಸಾಲದಾ? 'ಡ್ರೈವರನ್ನ ಕೊಂದವಳು' ಅಂತ ಜನ ಅಂದರೆ ಅದಕ್ಕೆ ನಾನೇನು ಮಾಡ್ಲಿ?

ಆ ಏಳನೆಯವರು ಯಾರೋ ಇರಲಿ. ಬೇಕೂಂತ ಮಾಡಿರ್ತಾರಾ? ಚೂರು ಗಂಟಲು ಕೆರೆತ, ಮೈ ಬಿಸಿ. ಮಾತ್ರೆ ನುಂಗಿದರೆ ಇಳೀತು. ಅಧ್ಯಯನಕ್ಕೆ ಸೇರೋರಿಗೆ ಒಪ್ಪಿಗೆ ಪತ್ರವನ್ನ ಎದುರಿಗೆ ಕೂತು ಮೂರು ಸಲ ವಿವರಿಸಬೇಕು, ಇನ್ನೊಬ್ಬರಿಗೆ ವಹಿಸೋ ಹಾಗಿಲ್ಲ. ಆ ಹಿರಿಯರಿಗೋ ಕಿವಿ ಕೇಳಿಸದು. ತುಟಿ ನೋಡಿಯೇ ತಿಳ್ಕೋಬೇಕು. ಮಾಸ್ಕ್ ಒಳಗಿಂದ ಎಷ್ಟು ಕೂಗಿದರೂ "ಆಂ? ಆಂ?" ಅರ್ಥವಾಗದವರ ಕೈಲಿ ರುಜು ಹಾಕಿಸೋದು ಮೋಸ ಅಲ್ವೇನಮ್ಮ? ಮಾಸ್ಕ್ ತೆಗೀಲೇಬೇಕಾಯ್ತು. ಮೂರು ಸಲ, ಇಷ್ಟು ಹತ್ತಿರ ಕೂತು, ನಿಧಾನವಾಗಿ, ಒಂದೊಂದೇ ಅಕ್ಷರ... ಕೊನೇಗೆ ಅರ್ಥವಾಯ್ತು ಅಂತ ನಕ್ಕರು ಪಾಪ...

ಪೆನ್ನು ಯಾಕೆ ಕೆಳಗಿಟ್ಟೆ?

ಹಾಗೆ ನೋಡಬೇಡ... ಆ ಕೋಣೆಯಲ್ಲಿ ಮೂರನೆಯವರು ಇರಲೇ ಇಲ್ಲವಲ್ಲ...

ನಾನೀಗ ಏನಂದೆ?