ಅಗ್ಬೆಕೊಗೆ ಇಷ್ಟವಾದ ಪುಸ್ತಕ

ಘಾನಾದ ಹೊಹೋಯೆ ಪಟ್ಟಣದ ಗ್ರಂಥಾಲಯದ ಹೊರಗಿನ ಬೆಂಚಿನಲ್ಲಿ, ಪುಸ್ತಕ ಓದುತ್ತಿದ್ದ ಅಪರಿಚಿತೆ ಎಸಿನಾಮಳ ಪಕ್ಕಕ್ಕೇ ಕೂತು, ನಿವೃತ್ತ ಲಾರಿ ಚಾಲಕ ಅಗ್ಬೆಕೊಗೆ ಮಗಳು ಜಿಫಾ ಪಾಠ ಹೇಳುತ್ತಿದ್ದಳು. ಓದುಗರ ಬಳಗಕ್ಕೆ ಸೇರುವವರು ಮೊದಲು ತಮ್ಮ ಪರಿಚಯ ಹೇಳಬೇಕಿತ್ತು.

“ಹವ್ಯಾಸ ಏನಪ್ಪಾ?”

“ಬಾಂಕು ಮುದ್ದೆ ತಿಂದು ಮಲಗೋದು.”

“ಥೂ! ತೋಟಗಾರಿಕೆ ಅನ್ನು. ಸಮಾಜಸೇವೆ?”

“ಪಕ್ಕದ ಮನೆ ಮೇಕೆ ಕಳೆದಾಗ ಹುಡುಕಿಕೊಟ್ಟೆ.”

“ಅದನ್ನ ಕಟ್ಟಿಹಾಕಿದ್ದೇ ನೀನು!”

“ಅದಕ್ಕೇ ಬೇಗ ಸಿಕ್ತು.”

“ಅಯ್ಯೋ! ಇಷ್ಟದ ಪುಸ್ತಕ?”

“ಆ ಬಳಗದ ಡೆಲಾಲಿ ಯಾವುದು ಓದ್ತಾಳೋ ಅದು.”

ಜಿಫಾ ಅಪ್ಪನ ಕಡೆ ತಿರುಗಿದಳು. “ಅವ್ವ ಹೋದಮೇಲೆ ನೀನು ನಾಚಿದ್ದು ಇವತ್ತೇ. ಅದೊಂದನ್ನೇ ಹೇಳು, ಸಾಕು.”

ಒಳಗಿಂದ ಕರೆ ಬಂತು. ಕಾಲರ್ ಸರಿಮಾಡಿಕೊಳ್ಳುತ್ತ ಅವನು ಮಗಳ ಜೊತೆ ಹೋದ. ಅದುವರೆಗೆ ಕಿವಿಗೊಟ್ಟಿದ್ದ ಎಸಿನಾಮ್ ಏಳಲಿಲ್ಲ; ಒಳಗೆ ಹೆಂಗಸೊಬ್ಬಳು ಬಿದ್ದು ಬಿದ್ದು ನಕ್ಕಿದ್ದು ಕೇಳಿದ ಮೇಲೆಯೇ ಎದ್ದಳು.