ಹತ್ತನೇ ಪಾಲು

...ಇಲ್ಲಾ ಅಕ್ಕಾ, ಇವತ್ತು ಇಸ್ತ್ರಿಗೆ ಬಟ್ಟೆ ತಂದಿಲ್ಲ. ಹೊಲಿದಿದ್ದೆಲ್ಲ ನಿನ್ನೇನೇ ಕೊಟ್ನಲ್ಲ. ಸುಮ್ನೆ ಬಂದೆ. ಯಾಕೆ, ಮೇಲಿನ ಮಹಡಿ ಟೈಲರಮ್ಮ ಮೆಟ್ಟಿಲ ಕೆಳಗಿನ ಮನೆಗೆ ಸುಮ್ನೆ ಬರಬಾರದಾ? ಹಾಗೆ ಹುಬ್ಬು ಏರಿಸ್ಬೇಡಿ! ...ಆಯ್ತು, ಸುಮ್ನೆ ಅಲ್ಲ.

ನೀವು ಇಸ್ತ್ರಿ ಮಾಡ್ತಾ ಇರಿ, ನಾನು ಹೇಳ್ತಾ ಇರ್ತೀನಿ. ಅಬ್ಬಬ್ಬಾ, ಏನು ಕೆಂಡದ ಶಾಖ ಅಕ್ಕಾ! ಇಷ್ಟು ವರ್ಷ ಈ ಗೂಡಲ್ಲಿ ಹೇಗೆ ನಿಂತ್ರೋ, ನಿಮ್ಮ ಕಾಲಿಗೆ ದೊಡ್ಡ ನಮಸ್ಕಾರ.

ತಾರಸಿ ಮೇಲೆ ಸೋಲಾರ್ ಕೂರಿಸಿದಾರಲ್ಲ, ನೋಡಿರ್ತೀರಿ. ನೋಡಿಲ್ವಾ? ಮೂರು ದಿನ ನಿಮ್ಮ ತಲೆ ಮೇಲಿನ ಮೆಟ್ಟಿಲಲ್ಲೇ ಧಡಬಡ ಅಂತ ಹೊತ್ತುಕೊಂಡು ಹೋದ್ರು! ಅದು ಕಂಪನಿದೂ ಅಲ್ಲ, ಮನೆ ಮಾಲೀಕಂದೂ ಅಲ್ಲ. ನಮ್ದು! ಕಟ್ಟಡದ ಮೂವತ್ತು ಮನೆ ಸೇರಿ ಸಂಘ ಕಟ್ಟಿದೀವಿ. ಮೂವತ್ತು ಪಾಲು. ಅದರಲ್ಲಿ ಹತ್ತು, ಕೈಯಿಂದ ದುಡ್ಡು ಹಾಕೋಕಾಗದ ಮನೆಗಳಿಗೆ ಅಂತಾನೇ ಇರೋದು. ಅಯ್ಯೋ, ಮುಖ ಗಂಟು ಹಾಕ್ಬೇಡಿ, ದಾನ ಅಲ್ಲ! ಮಿಕ್ಕ ಕರೆಂಟು ಮಾರ್ತೀವಲ್ಲ, ಅದರಲ್ಲೇ ಪಾಲಿನ ದುಡ್ಡು ನಿಧಾನಕ್ಕೆ ತೀರುತ್ತೆ. ಪಾಲು ಅಂದ್ರೆ ಪಾಲೇ. ನಮ್ಮ ಕಟ್ಟಡದ ಡಾಕ್ಟರಮ್ಮನಿಗೆ ಎಷ್ಟೋ ನಿಮಗೂ ಅಷ್ಟೇ.

ಒಂಬತ್ತು ಮನೆಯವರು ಸಹಿ ಹಾಕಿ ಆಯ್ತು. ಹತ್ತನೇದು ನೀವು. ಅದೃಷ್ಟ ನೋಡಿ! ...ಕೊನೇಲಿ ಯಾಕೆ ಅಂದ್ರೆ... ಕೊನೇಲಿ ಅಲ್ಲ ಅಕ್ಕಾ, ನಿಮಗೇ ಅಂತ ಎತ್ತಿಟ್ಟಿದ್ವಿ!

ವೈರಿಂಗ್‌ನವರು ಈಗ ಮೇಲೇ ಕೂತಿದಾರೆ. ಹತ್ತೂ ಸಹಿ ಬೀಳ್ದೆ ಗುಂಡಿ ಒತ್ತಲ್ಲವಂತೆ. ನಿಯಮವಂತೆ. ಇಡೀ ಕಟ್ಟಡ ಬಿಸಿಲಲ್ಲಿ ಬಾಯ್ ಬಿಟ್ಕೊಂಡು ನಿಂತಿದೆ. ‘ಈಗ ನನ್ನ ಜ್ಞಾಪಕ ಬಂತಾ’ ಅನ್ನೋ ಹಾಗೆ ನೋಡ್ಬೇಡಿ. ಮೊದಲೇ ಹೇಳೋಕೆ ಬಂದಿದ್ದೆ. ನೀವು ಮಲಗಿದ್ರಿ.

ಹಗಲು ಮಲಗಲ್ವಾ? ಹಾಗಾದ್ರೆ ಹೊರಗೆ ಹೋಗಿದ್ರಿ, ಬಾಗಿಲಿಗೆ ಬೀಗ... ಹೌದಲ್ಲ, ಇಲ್ಲಿ ಬಾಗಿಲೇ ಇಲ್ಲ. ಪರದೆ! ಪರದೆ ಎಳೆದಿತ್ತು, ಅದನ್ನೇ ಅಂದಿದ್ದು.

ಥೂ, ನಿಮ್ಮ ಮುಂದೆ ಸುಳ್ಳು ನಿಲ್ಲಲ್ಲ ಅಕ್ಕಾ. ನಿಜ ಹೇಳ್ತೀನಿ. ಎಲ್ಲಾ ಆ ಪೋಸ್ಟಿನ ಮಾವನ ಕೆಲಸ. ಅವರೇ ತಾನೇ ಸಂಘದ ಕಾರ್ಯದರ್ಶಿ? ವಯಸ್ಸಾಯ್ತು, ಮರೆತ್ರು. ಜೀವಮಾನವೆಲ್ಲ ಊರಿಗೆ ಕಾಗದ ಹಂಚಿದವರು, ಮೆಟ್ಟಿಲ ಕೆಳಗೆ ಒಂದು ಕಾಗದ ತಲುಪಿಸಲಿಲ್ಲ! ...ಏನು? ನಿನ್ನೆ ಶರ್ಟು ತಗೊಂಡು ಹೋಗೋಕೆ ಬಂದಿದ್ರಾ? ಇಲ್ಲೇ ಕೂತಿದ್ರಾ? ಏನಾದ್ರೂ... ಅಂದ್ರಾ?

ಹೇಳಲ್ವಾ. ಹೋಗ್ಲಿ ಬಿಡಿ. ಕೊಡಿ, ಹೆಬ್ಬೆಟ್ಟು ಕೊಡಿ, ಶಾಯಿ ಡಬ್ಬಿನೂ ತಂದಿದೀನಿ. ...ಕನ್ನಡಕ ಯಾಕೆ? ಓದ್ತೀರಾ? ನಿಮಗೆ ಓದೋಕೆ ಬರುತ್ತಾ?! ಅಲ್ಲ, ಬರಬಾರದು ಅಂತಲ್ಲ... ಓದಿ, ಓದಿ. ಮೊದಲನೇ ಹಾಳೆ ಸಾಕು.

ಇಸ್ತ್ರಿ ಯಾಕೆ ನಿಲ್ಲಿಸಿದ್ರಿ? ಅಯ್ಯೋ, ಎರಡನೇ ಹಾಳೆ ಬೇಡ, ಅದು ಹಳೇ ಪಟ್ಟಿ, ಹೇಗೋ ಸೇರ್ಕೊಂಡಿದೆ. ಕೊಡಿ ಇಲ್ಲಿ. ಅಕ್ಕಾ, ಕೊಡಿ.

...ಹೂಂ. ಅದು ನಿಮ್ಮ ಹೆಸರೇ. ಮೊದಲಿಂದ್ಲೂ ಇತ್ತು. ಅದರ ಮೇಲೆ ಗೀಟು... ಮಕ್ಕಳು ಗೀಚಿರ್ಬೇಕು.

ಗುಲಾಬಿ ಬಣ್ಣ, ಹೌದು. ಬಟ್ಟೆಗೆ ಗುರುತು ಹಾಕೋ ಸೀಮೆಸುಣ್ಣ. ಈ ಕಟ್ಟಡದಲ್ಲಿ ಟೈಲರ್ ಇರೋದು... ಒಬ್ಳೇ.

ಏನಾದ್ರೂ ಅನ್ನಿ ಅಕ್ಕಾ. ಬೈರಿ. ಆ ಪೆಟ್ಟಿಗೆ ತಗೊಂಡು ನನ್ನನ್ನೇ ಇಸ್ತ್ರಿ ಮಾಡ್ಬಿಡಿ.

ನಾನೇ. ಆ ವೈರಿಂಗ್‌ನವನು ಅಂದ, ಒಂದು ಕರೆಂಟ್ ಇಸ್ತ್ರಿ ಪೆಟ್ಟಿಗೆ ಎಳೆಯೋದ್ರಲ್ಲಿ ಹತ್ತು ಹೊಲಿಗೆ ಮಷಿನ್ ಓಡ್ತವೆ ಅಂತ. ಅಷ್ಟೇ, ನಾನು ಲೆಕ್ಕ ಹಾಕೋಕೆ ಕೂತೆ. ಅಕ್ಕ ಕೆಂಡ ಬಿಟ್ಟು ಕರೆಂಟ್ ಪೆಟ್ಟಿಗೆ ಹಿಡಿದ್ರೆ ನನ್ನ ಮಷಿನ್ ಗತಿ ಏನು? ಸಭೇಲಿ ಎದ್ದು ನಿಂತು, ‘ಅವರಿಗೆ ಬೇಡವಂತೆ, ನಾನೇ ಕೇಳ್ದೆ’ ಅಂದ್ಬಿಟ್ಟೆ. ಎಲ್ಲರೂ ನಂಬಿದ್ರು. ಆ ಜಾಗಕ್ಕೆ ಬೇರೆ ಯಾರಾದ್ರೂ ಸಿಕ್ತಾರೆ ಅಂತ ಮನೆ ಮನೆ ಸುತ್ತಿದೆ. ಸಿಗಲಿಲ್ಲ, ಮಿಕ್ಕವರಿಗೆಲ್ಲ ಆಗಲೇ ಪಾಲಿತ್ತು. ನಿಮ್ಮ ಕೆಮ್ಮು ರಾತ್ರಿಯೆಲ್ಲ ನನ್ನ ಮನೆಗೇ ಕೇಳುತ್ತೆ ಅಕ್ಕಾ. ಹೊಗೆಯ ಕೆಮ್ಮು ಅಂತ ಗೊತ್ತಿದ್ದೂ ಗೀಟು ಎಳೆದೆ.

...ಅಯ್ಯೋ, ಸಹಿ ಹಾಕಿದ್ರಾ! ಹಾಕೇಬಿಟ್ರಾ! ಎಷ್ಟು ದುಂಡಗಿದೆ ಅಕ್ಷರ! ನೀವು ದೊಡ್ಡವರು ಅಕ್ಕಾ, ನಿಜವಾಗ್ಲೂ ದೊಡ್ಡವರು. ಕೊಡಿ, ಓಡ್ತೀನಿ...

ಇನ್ನೂ ಏನು ಬರೀತಾ ಇದೀರಿ? ಆ ಚೌಕ ಬೇಡ! ಅದು ಸಮಿತಿಗೆ ನಿಲ್ಲೋರಿಗೆ. ಯಾವ ಹೊತ್ತಲ್ಲಿ ಯಾರ ಮನೆಗೆ ಎಷ್ಟು ಕರೆಂಟು ಅಂತ ತೀರ್ಮಾನ ಮಾಡೋ...

ಗುರುತು ಹಾಕಿದ್ರಿ.

ಯಾರೂ ನಿಂತಿಲ್ಲ ಅಕ್ಕಾ ಅದಕ್ಕೆ. ಅಂದ್ರೆ ನೀವೇ. ಅವಿರೋಧ ಆಯ್ಕೆ.

...ಅಕ್ಕಾ? ಮಧ್ಯಾಹ್ನದ ಹೊತ್ತು ನನ್ನ ಮಷಿನ್‌ಗೆ... ಎರಡು ಗಂಟೆ? ಹೋಗ್ಲಿ, ಒಂದು? ಅರ್ಧ?

ಅಕ್ಕಾ, ಒಂದು ಮಾತಾದ್ರೂ ಆಡಿ!