ಲೆತ್ರಾಸ್ ಘಾಟಿಗೆ ಎರಡು ಟಿಕೆಟ್

ಮರಿಕೀತಾ ಊರಿನ ಬಸ್ ನಿಲ್ದಾಣ. ಟಿಕೆಟಿಗೆ ನಿಂತಿದ್ದ ಎದಿಲ್ಮಾಳ ಮುಂದೆ ಅಕ್ಕ-ತಮ್ಮ ಇಬ್ಬರು. ತಮ್ಮ ಹಿಡಿದಿದ್ದು ಇಬ್ಬರು ತುಳಿಯುವ ಉದ್ದನೆಯ ಸೈಕಲ್ಲು. ಅಕ್ಕ ಹಿಡಿದಿದ್ದು ಕುರುಡರ ಬಿಳಿ ಕೋಲು. ಇಬ್ಬರ ಅಂಗಿಯ ಬೆನ್ನಿನ ಮೇಲೂ ಬರೆದಿತ್ತು: ‘ನಡೆಯಲಾಗದವರ ಗಾಲಿಕುರ್ಚಿಗೆ ಹಣ ಕೂಡಿಸಲು ಸೈಕಲ್ ಯಾತ್ರೆ, ಬೊಗೋಟಾದಿಂದ ಮನಿಸಾಲೆಸ್‌ಗೆ.’

“ಲೆತ್ರಾಸ್ ಘಾಟಿ ಹತ್ತೋತನಕ ಬಸ್ಸು, ಅಕ್ಕಾ. ಎಂಬತ್ತು ಕಿಲೋಮೀಟರ್ ಬರೀ ಏರು. ತುದೀಲಿ ಇಳಿದು ಮತ್ತೆ ತುಳಿಯೋಣ.”

“ಯಾರಾದ್ರೂ ನೋಡಿದ್ರೆ?”

“ಯಾರು ನೋಡ್ತಾರೆ?”

“ನಾನಂತೂ ನೋಡಲ್ಲ ಬಿಡು.”

ಎದಿಲ್ಮಾಳಿಗೆ ನಗು ತಡೆಯಲಾಗಲಿಲ್ಲ. ತಮ್ಮ ನಗಲಿಲ್ಲ.

“ಕಾಲು ನೋವೇನೋ, ವಿಲ್ಮರ್?”

“ಕಾಲಲ್ಲ, ಭಯ. ಆ ಕಡೆ ಪ್ರಪಾತ, ಈ ಕಡೆ ಲಾರಿ. ಮುಂದೆ ಕೂತು ಅದನ್ನೆಲ್ಲ ನೋಡೋನು ನಾನು. ನೀನು ಬಿದ್ರೆ ಅಮ್ಮಂಗೆ ಏನು ಹೇಳ್ಲಿ?”

“ನಾನು ಬಿದ್ರೆ ನೀನೂ ಬಿದ್ದಿರ್ತೀಯ. ಹೇಳೋಕೆ ಯಾರಿರ್ತಾರೆ?”

“ತಮಾಷೆ ಸಾಕು.”

“ಸರಿ, ಕೇಳು. ಹುಟ್ಟಿದಾಗಿಂದ ಎಲ್ರೂ ‘ಪಾಪ, ಕೂತ್ಕೋ’ ಅಂತ ನನ್ನ ಬಸ್ಸು ಹತ್ತಿಸ್ದೋರೇ. ಈ ಘಾಟಿ ನಾನೇ ಹತ್ತಬೇಕು ಕಣೋ. ಲಾರಿ ಬಂದ್ರೆ ಹೇಳು, ಇಳಿದು ತಳ್ಳೋಣ. ತಳ್ಕೊಂಡು ಹೋದ್ರೂ ಹತ್ತಿದ ಹಾಗೇನೇ.”

“ಎರಡು ದಿನ ಹಿಡಿಯುತ್ತೆ.”

“ಮೂರು ಹಿಡೀಲಿ.”

“ಎಷ್ಟು ಟಿಕೆಟ್?” ಎಂದು ಕಿಟಕಿಯಿಂದ ಕೂಗು ಬಂತು.

ವಿಲ್ಮರ್ ಅಕ್ಕನ ಮುಖವನ್ನೇ ನೋಡಿದ.

“ನಮಗೆ ಬೇಡ. ನಮ್ಮ ಹಿಂದೆ ನಿಂತಿರೋ ಅಮ್ಮಂಗೆ ಕೊಡಿ,” ಎಂದು ಅವನು ಸೈಕಲ್ಲು ತಿರುಗಿಸಿದ.

ಅಕ್ಕ ಕೋಲು ಮಡಚಿ ಹಿಂದಿನ ಸೀಟು ಹತ್ತಿದಳು.

“ಏರು ಯಾವ ಕಡೆ?”

“ಎದುರಿಗೇ.”

“ಹಾಗಾದ್ರೆ ತುಳಿ.”